ಮುಲ್ಕಿಯಾ

ಏಳನೇ ಸಲಕ್ಕೆ ಪಾಸಾದೆ.
ಪರೀಕ್ಷೆಯ ಪೊಲೀಸಮ್ಮ ಕಾಗದದಿಂದ ತಲೆಯೆತ್ತದೆ
ಅಂದಳು: ಖಲಾಸ್.
ಆರು ಸಲ ಫೇಲಾದಾಗಲೂ ಇದೇ ಶಬ್ದ, ಇದೇ ದನಿ.
ಹಾಗಾಗಿ ನಾನು ಬಸ್ ಸ್ಟಾಪಿಗೆ ಹೋಗಿ ಅಳಲು ತಯಾರಾಗಿದ್ದೆ.

ಈಗ ಶಾರ್ಜಾಕ್ಕೆಲ್ಲ ನನ್ನ ಗಾಡಿಯದೇ ಚಿಂತೆ.
ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತ
ಜೆಸಿಂತಾ ಹೇಳುತ್ತಾಳೆ: ಹೊಸತೇ ತೆಗಿ ಮಾರಾಯ್ತಿ,
ಯಾರದೋ ಬೆವರಿನ ಮೇಲೆ ಕೂರುವುದೆಂಥದು?
ರೂಮಿನ ಕುಸುಮಕ್ಕ: ಹಳತೇ ಸಾಕು,
ಹೇಗೂ ಮೊದಲ ತಿಂಗಳಲ್ಲೇ ಕಂಬಕ್ಕೆ ತಾಗಿಸುವವಳು ನೀನು.

ಶೋರೂಮಿನ ಹುಡುಗ ಗಾವಾ ಕೊಟ್ಟ, ಖರ್ಜೂರ ಕೊಟ್ಟ,
ಮೇಡಂ ಅಂದ ಹದಿನಾಲ್ಕು ಸಲ.
ಸೀಟಿನ ಪ್ಲಾಸ್ಟಿಕ್ಕು ನಾನು ಕೂತಾಗ ಚರಚರ ಅಂದಿತು.
ಆ ವಾಸನೆ! ಶಾಲೆ ಶುರುವಾಗುವ ದಿನ
ಬೈಂಡು ಹಾಕಿದ ಪುಸ್ತಕದೊಳಗೆ ಮೂಗಿಟ್ಟ ಹಾಗೆ.
ಸಹಿಗೆ ಪೆನ್ನೂ ಎತ್ತಿದ್ದೆ.
ಅರವತ್ತು ಕಂತು, ಅಂದ.

ನನ್ನ ವೀಸಾ ಎರಡು ವರ್ಷದ್ದು.
ಪ್ರತಿ ಸಲವೂ ಅದಕ್ಕಾಗಿ ತೋಳು ಚಾಚಿ ರಕ್ತ ಕೊಡುತ್ತೇನೆ,
ದಿನವೂ ಬೇರೆಯವರಿಂದ ತೆಗೆಯುವ ನಾನೇ.
ಸಾಲಕ್ಕೆ ಐದು ವರ್ಷ.
ಈ ಊರಲ್ಲಿ ನನಗಿಂತ ಖಾಯಂ ನನ್ನ ಸಾಲ.
ಪೆನ್ನು ಅವನದೇ. ವಾಪಸು ಕೊಟ್ಟೆ.

ಗ್ಯಾರೇಜಿನ ಹಮ್ಮಬ್ಬ, ಉಪ್ಪಿನಂಗಡಿಯವರು,
ಗಾಡಿಯ ಎದೆಗೆ ಕಿವಿಯಿಡುತ್ತಾರೆ,
ಎಣ್ಣೆ ಮೂಸುತ್ತಾರೆ, ಬಾಗಿಲಿನ ರಬ್ಬರು ಎಳೆದು
ಒಳಗಿನ ಬಣ್ಣ ನೋಡುತ್ತಾರೆ.
ಮೀಟರು ಸುಳ್ಳು ಹೇಳೀತು ಅಕ್ಕ,
ಪೆಡಲಿನ ರಬ್ಬರಿಗೆ ಸುಳ್ಳು ಬರುದಿಲ್ಲ.
ಸೂಕಿನಲ್ಲಿ ಹನ್ನೊಂದು ಗಾಡಿ ಬೇಡವೆಂದರು.
ಒಂದು, ಎರಡು ಗಾಡಿಗಳ ಅರ್ಧರ್ಧ ಹೊಲಿದದ್ದು.
ಇನ್ನೊಂದರ ಸೀಟುಬೆಲ್ಟನ್ನು ಪೂರ್ತಿ ಎಳೆದು ತೋರಿಸಿದರು:
ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ,
ಆ ಏಪ್ರಿಲ್ಲಿನ ನೆರೆ ಇನ್ನೂ ಅಲ್ಲಿ ಸುರುಳಿ ಸುತ್ತಿ ಮಲಗಿತ್ತು.

ಹನ್ನೆರಡನೆಯದು ಉಸ್ತಾದ್ ಇದ್ರೀಸರದು.
ಸುಡಾನಿನವರು, ಭೂಗೋಳದ ಮೇಷ್ಟ್ರು,
ಕೇಳುವ ಮೊದಲೇ ದೋಷಗಳನ್ನು ಒಪ್ಪಿಸಿದರು:
ಆಗಸ್ಟಿನಲ್ಲಿ ಫುಜೈರಾದ ಏರಿಗೆ ಎಸಿ ಸುಸ್ತಾಗುತ್ತದೆ,
ಆಗ ಕಿಟಕಿ ಇಳಿಸಿ, ಬೈಯಬೇಡಿ.
ಎಡಗಡೆಯ ಕನ್ನಡಿ ನನ್ನದೇ ತಪ್ಪು.
ಹಮ್ಮಬ್ಬ ನನ್ನ ಕಿವಿಯಲ್ಲಿ:
ಮಾರುವವ ಇಷ್ಟು ಸತ್ಯ ಹೇಳಿದ್ರೆ ಡೌಟು ಬರ್ತದೆ.

ಹಿಂದಿನ ಗಾಜಿಗೆ ಅವರ ಮಗಳು ಅಂಟಿಸಿದ ಗ್ರಹಗಳು,
ಬಳೆ ತೊಟ್ಟ ಶನಿಯೂ.
ಶನಿ ಆಗಲೇ ಹತ್ತಿ ಕೂತಿರುವ ಗಾಡಿಯನ್ನು
ನಮ್ಮವರು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರಾ?
ಕುಸುಮಕ್ಕನಿಗೆ ಇದನ್ನು ಹೇಳಿಲ್ಲ.

ಆಖಿರ್ ಕಮ್? ಅಂದೆ, ಅದಕ್ಕೆಂದೇ ಕಲಿತ ಎರಡು ಶಬ್ದ.
ಸಾವಿರ ಇಳಿಸಿದರು, ಒಂದು ಷರತ್ತಿಗೆ:
ಗುರುವಾರ ರಾತ್ರಿ ಏರ್‌ಪೋರ್ಟಿಗೆ ಬಿಡಬೇಕು.
ಮನೆಯವರು ಆಗಲೇ ಕೈರೋದಲ್ಲಿ, ತಮ್ಮನ ಜೊತೆ.
ಖಾರ್ಟೂಮಿನ ಮನೆ? ಅಂದೆ.
ಅವರು ಡಿಕ್ಕಿ ಮುಚ್ಚಿದರು, ಮತ್ತೆ ತೆಗೆದು, ಇನ್ನೊಮ್ಮೆ ಮುಚ್ಚಿದರು.
ಹೀಗೆ, ಸ್ವಲ್ಪ ಒತ್ತಿ ಹಾಕಬೇಕು, ಅಂದರು.

ಕಾರ್ಡು ಬಂತು. ಮುಲ್ಕಿಯಾ, ಒಡೆತನದ ಪತ್ರ.
ನನಗದು ಕಂಡಕ್ಟರ ಕೂಗಿದ ಹಾಗೇ ಕೇಳುತ್ತದೆ,
ಹಳೆಯಂಗಡಿ, ಮುಲ್ಕಿ, ಪಡುಬಿದ್ರಿ, ಒಳಗೆ ಹೋಗಿ, ಒಳಗೆ.
ಅರಬಿಯಲ್ಲಿ ಪಕಾರವಿಲ್ಲ.
ಗಾಡಿಯಿರುವುದು ಬುಷ್ಬಲತಾ ಎಂಬವಳ ಹೆಸರಲ್ಲಿ.
ಪುಷ್ಪಲತಾ ಇನ್ನೂ ಬಸ್ಸಿನಲ್ಲೇ ಇದ್ದಾಳೆ.

ಗುರುವಾರ ರಾತ್ರಿ ನಾನು ಸ್ಟೇರಿಂಗಿಗೆ ಜೋತುಬಿದ್ದಿದ್ದೆ.
ಒಂಬತ್ತು ವರ್ಷದಲ್ಲಿ ಈ ಸೀಟಿನಲ್ಲಿ ಕೂತದ್ದು
ಇದೇ ಮೊದಲು, ಅಂದರು ಉಸ್ತಾದ್,
ಇಲ್ಲಿಂದ ಊರು ಬೇರೆ ಥರ ಕಾಣುತ್ತದೆ.
ಸರ್ಕಲ್ಲು ಬಂದಾಗ ಮಾತು ನಿಲ್ಲಿಸುತ್ತಿದ್ದರು.
ಇಳಿದು, ಸೂಟ್‌ಕೇಸು ತೆಗೆದು,
ಬಾನೆಟ್ಟಿನ ಮೇಲೊಮ್ಮೆ ಕೈಯಿಟ್ಟರು,
ಬಿಸಿ ನೋಡಿದ್ದೋ ಏನೋ.

ಮನೆ ಕೆಳಗೆ ನಿಲ್ಲಿಸಿ ದೀಪ ಹಾಕಿದೆ.
ಪಕ್ಕದ ಸೀಟಿನ ಮ್ಯಾಟಿನ ಮೇಲೆ
ದಾರಿಯುದ್ದ ಇಲ್ಲದ ಬ್ರೇಕನ್ನು ಒತ್ತಿದ
ಬಲಗಾಲಿನ ಬೂಟಿನ ಗುರುತು.