ಅಂಗೈಗೆ ಕೇಳಿದ್ದು

ಟಕ್ ಅಂತಿತ್ತು.
ಹಂಪ್ ಹತ್ತೂಮುಂದ ಅಲ್ಲ, ಇಳಿಯೂಮುಂದ.
ಎಡಕ್ಕ ಹೊಳ್ಳಿದರ ಒಂದು, ಬಲಕ್ಕ ಹೊಳ್ಳಿದರ ಸುಮ್ಮ.
ಕಬ್ಬಿನ ಟ್ರ್ಯಾಕ್ಟರು ಕೆಡಿಸಿದ ತೇರದಾಳ ರಸ್ತೆದಾಗ
ಟಕ್ಕಟಕ್ ಟಕ್ಕಟಕ್,
ಯಾರೋ ಒಳಗ ಕುಂತು ಬಾಗಲಾ ಬಡದಂಗ.
ಹಿಂದಿನ ಸೀಟಿಗೆ ನಲವತ್ತು ಸೀರಿ ಹೇರಿದಾಗ
ಇನ್ನಾ ಒಂದೀಟ ಜೋರು.

ಜಮಖಂಡಿಯಾಂವ "ಶಾಕ್ ಹೋಗ್ಯಾವ್ರೀ" ಅಂದ.
ನಾಕ ಸಾವಿರ ಎಣಿಸಿದೆ. ಎರಡೂ ಹೊಸಾವು.
ಊರ ಮುಟ್ಟೂದ್ರಾಗ ಟಕ್.
ನನ್ನ ಗಂಡ ಅಂದ: ರೇಡಿಯೋ ಜೋರ ಇಡು.
ಮಹಾಲಿಂಗಪುರದ ಅಂಗಡಿಯಾಕಿ ಅಂದ್ಲು: ಲಿಂಬಿಹಣ್ಣ ಇಳಸು.
ಇಳಿಸಿದೆ. ಗಾಲಿ ಅದರ ಮ್ಯಾಲ ಹಾದು ಹೋತು.
ಟಕ್.

ಕಡೀಕೆ ದಾನಪ್ಪ ಮೇಸ್ತ್ರಿ.
ಬನಹಟ್ಟಿ ತುದಿಗೆ, ನೂಲಿಗೆ ಬಣ್ಣ ಹಾಕೂ ಮನಿ ಹಿಂದ,
ತಗಡಿನ ನೆರಳು, ಒಂದು ಜಾಕು, ಒಂದು ಬೇವಿನ ಗಿಡ.
"ಸಪ್ಪಳ ಬರ್ತೈತ್ರಿ" ಅಂದೆ.
ಆಂವ ನಕ್ಕ. ಕಿವಿ ಮುಟ್ಟಿ ತೋರಿಸಿದ.
ಇಪ್ಪತ್ತೆರಡು ವರ್ಷ ಪಾವರ್‌ಲೂಮಿನ ನಡುವ ನಿಂತು
ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು
ಅಲ್ಲೇ ಬಿಟ್ಟು ಬಂದಾಂವ.
ಹುಡುಗ ಸೈದು ಹೇಳಿದ:
"ಅಕ್ಕಾ, ಮಾರಿ ನೋಡಿ ಮಾತಾಡ್ರಿ, ತುಟಿ ಓದತಾರ."

ಬಾನೆಟ್ ತಗದ. ಸ್ಪ್ರಿಂಗಿನ ನೆತ್ತಿ ಮ್ಯಾಲ ಅಂಗೈ ಇಟ್ಟ,
ಕೂಸಿನ ಜ್ವರ ನೋಡೂವರಂಗ.
ಸೈದು ಸ್ಟೇರಿಂಗ್ ಅಲಗಿಸಿದ, ಎಡಾ ಬಲಾ ಎಡಾ.
ಮೇಸ್ತ್ರಿ ತಲಿ ಅಲ್ಲಾಡಿಸಿದ: ಇಲ್ಲಿ ಅಲ್ಲ.
ಬಂಪರ್ ಒತ್ತಿ ಬಿಟ್ಟ.
ಒಂದ ಸಲ ಎದ್ದು ಸುಮ್ಮನ ಕುಂತಿತು ಗಾಡಿ.
ಶಾಕ್ ಗಟ್ಟಿ ಅದಾವು ಅಂತ ಹೆಬ್ಬಟ್ಟು ಎತ್ತಿದ,
ಜಮಖಂಡಿ ದಿಕ್ಕಿಗೆ ತಿರುಗಿ ಕೈ ಬೀಸಿದ,
ನನ್ನ ನಾಕ ಸಾವಿರ ಗಾಳಿಗೆ.

ಆಮ್ಯಾಲ ಗೋಣಿಚೀಲ ಹಾಸಿ ಬುಡಕ ಸರದ.
ಕಾಲಷ್ಟ ಹೊರಗ, ಒಡದ ಹಿಮ್ಮಡಿ, ಗ್ರೀಸು.
ಸಬ್ಬಲ ಹಚ್ಚಿ ಲೋವರ್ ಆರ್ಮ್ ಮೀಟಿದ.
ನನಗ ಕೇಳಿಸ್ತು: ಟಕ್.
ಆಂವಗ ಕೇಳಸಲಿಲ್ಲ. ಎಡಗೈ ಬೆರಳು ಬುಶ್ಶಿನ ಮ್ಯಾಲಿದ್ದವು.
ಕಾಲಿನ ಹೆಬ್ಬೆರಳು ಒಮ್ಮೆಲೆ ಎದ್ದು ನಿಂತಿತು.
"ಸಿಕ್ತು!" ಅಂದ,
ಬೇವಿನ ಗಿಡದಾಗಿನ ಕಾಗಿ ಹಾರೂವಷ್ಟು ಜೋರಾಗಿ.

ಬಿಚ್ಚಿ ತಂದು ನನ್ನ ಕೈಯಾಗಿಟ್ಟ:
ಹರದ ರಬ್ಬರಿನ ಬಳಿ, ಒಣಗಿದ ಖಾರೀಕಿನಂಗ.
ಇಷ್ಟಕ್ಕ?
"ಇಷ್ಟಕ್ಕ" ಅಂದ, ತುಟಿ ಓದಿ.
"ಲಾಳಿ ಬಂದು ಬಡಿಯೂ ಕಡೆ ತೊಗಲು ಇಡತಿದ್ದಿವಿ ನಾವು.
ತೊಗಲ ಸವದ್ರ ಮಗ್ಗ ಚೀರತಿತ್ತು.
ಆವಾಗ ನನಗ ಕೇಳಸತಿತ್ತು."

ಹೊಸಾ ಬುಶ್ ನೂರಾ ಎಂಬತ್ತು.
ಬೋಲ್ಟ್ ಏರಿಸಿ, ಪಾನಾ ತಿರುವಾಕ ಹೋದ ಸೈದು.
ಮೇಸ್ತ್ರಿ ಆಂವನ ಮಣಿಕಟ್ಟ ಹಿಡದ.
ಮದಲ ಜಾಕ್ ಇಳಸು. ಗಾಲಿ ನೆಲಕ್ಕ ಹತ್ತಲಿ,
ತನ್ನ ಭಾರ ತಾ ಹೊರಲಿ. ಆಮ್ಯಾಲ ಬಿಗಿ.
ಜೋತ ಬಿದ್ದಾಗ ಬಿಗದ್ರ ರಬ್ಬರ ತಿರಚಿಕೊಂಡ ಕುಂದರತೈತಿ,
ಆರ ತಿಂಗಳಿಗೆ ಮತ್ತ ಹರೀತೈತಿ.
ನನ್ನ ಕಡೆ ನೋಡಲಾರದ ಹೇಳಿದ ಇದನ್ನ,
ಆದರೂ ನಾ ಸೆರಗ ಸರಿ ಮಾಡ್ಕೊಂಡ ನೆಟ್ಟಗ ನಿಂತೆ.

ಒಂದು ಸುತ್ತು ಹೊಡದಿವಿ, ಆಂವ ಮುಂದಿನ ಸೀಟಿನ್ಯಾಗ.
ಲೂಮಿನ ಓಣಿ, ಎರಡೂ ಕಡೆ ಖಟಾಖಟ್ ಖಟಾಖಟ್,
ಅದರ ನಡುವ ಹಂಪ್ ಇಳದೆ.
ಆಂವ ರಸ್ತೆ ನೋಡತಿರಲಿಲ್ಲ, ನನ್ನ ಮಾರಿ ನೋಡತಿದ್ದ.
ಬಂತೇನು, ಅಂತ ಬೆರಳು ತಿರುವಿ ಕೇಳಿದ.
ದಿನಾ ಹಿಂಗ ಯಾರದರ ಮಾರಿ ನೋಡಿನ
ತನ್ನ ಕೆಲಸ ಮುಗೀತೋ ಇಲ್ಲೋ ತಿಳಕೊಳ್ಳಾಂವ.

ಇಲ್ಲ ಅಂದೆ. ಟಕ್ ಇಲ್ಲ.
ಆದರ ಸಣ್ಣದೊಂದು ಕಿಣಿಕಿಣಿ ಉಳದಿತ್ತು,
ಅಷ್ಟು ದಿನ ಟಕ್ಕಿನ ಹಿಂದ ಅಡಗಿದ್ದು.
ಹೇಳಲೋ ಬ್ಯಾಡೋ ಅಂತ ಗೇರ್ ಹಾಕಿದೆ.
ಮೇಸ್ತ್ರಿ ಡ್ಯಾಶ್‌ಬೋರ್ಡಿನ ಮ್ಯಾಲ ಅಂಗೈ ಊರಿದ,
ಕಣ್ಣ ಮುಚ್ಚಿದ, ಖಾನೆ ತಗದು ಕೈ ಹಾಕಿದ:
ನನ್ನ ಸ್ಟೀಲಿನ ಡಬ್ಬಿ, ಒಳಗ ಗುಂಡುಸೂಜಿ.
ಕಿಸೆದಾಗಿನ ಅರಿವಿ ತುಂಡ ಸುತ್ತಿ ವಾಪಸ ಇಟ್ಟ.
"ಇದಕ್ಕ ರೊಕ್ಕಿಲ್ಲ" ಅಂದ,
ಇಡೀ ಓಣಿಗೆ ಕೇಳೂವಂಗ.