ಏಳು ಸೀರೆಯ ಹೊಲಿಗೆ

ಪಾತ್ರ ವಿಮರ್ಶೆ ಬರೆಯಬೇಕೆಂದು ಬಂದಿದ್ದೀಯ, ಕೂತುಕೋ.
ಆ ಗದೆ ಆಚೆ ಸರಿಸು, ಹೆದರಬೇಡ, ಹಗುರ,
ಒಳಗೆ ಬೂರುಗದ ಹತ್ತಿ, ಮೇಲೆ ಬೆಳ್ಳಿ ಬಣ್ಣ.
ತುಮಕೂರಿನ ಮಂಡಿಪೇಟೆಯಲ್ಲಿ, ಈ ಓಣಿಯಲ್ಲಿ,
ಕಿರೀಟ ಬಾಡಿಗೆಗೆ ಸಿಗುವುದು ನಮ್ಮಲ್ಲೊಂದೇ ಕಡೆ.
ರಾತ್ರಿಗೆ ನೂರೈವತ್ತು. ಹರಳು ಬಿದ್ದರೆ ಬೇರೆ ಲೆಕ್ಕ.

ಮೊಬೈಲು ಆನ್ ಆಯಿತೇ?
ನಾನು ನಾಟಕ ಕಣ್ಣಾರೆ ನೋಡಿದ್ದು ಒಂದೇ ಸಲ ಕಣವ್ವ,
ಮಿಕ್ಕಿದ್ದೆಲ್ಲ ಬೆಳಿಗ್ಗೆ, ಗಂಟು ಬಿಚ್ಚಿದಾಗ.

ರಾಜನ ಅಂಗಿಗೆ ಬೆನ್ನಲ್ಲಿ ಕೊಳೆ,
ಒರಗಿದ್ದು ಒರಗಿದ್ದೇ ಸಿಂಹಾಸನಕ್ಕೆ.
ಕೇಡಿಗನದಕ್ಕೆ ಕಂಕುಳಲ್ಲಿ ಉಪ್ಪಿನ ಬಿಳಿ ಗೆರೆ,
ರಾತ್ರಿಯಿಡೀ ಅವನಿಗೆ ಕೂರಲು ಒಂದು ಕುರ್ಚಿ ಬರೆದಿಲ್ಲ ಯಾರೂ.
ದೂತನ ಪಂಚೆಯ ಅಂಚಲ್ಲಿ ಮಣ್ಣು.
ದೇವರ ಪೀತಾಂಬರ ಮಾತ್ರ ಹೋದ ಹಾಗೇ ಬರುತ್ತದೆ,
ಇಸ್ತ್ರಿಯ ಮಡಿಕೆ ಸಹ ಮುರಿಯದೆ.
ಹತ್ತು ನಿಮಿಷ ಕೈಯೆತ್ತಿ ನಿಂತು ಹೋಗುವವನು,
ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಗೆದಿಲ್ಲ ಅದನ್ನ.

ಇಗೋ, ಈ ಟ್ರಂಕಿನಲ್ಲಿರುವುದು ಸಭೆಯ ಸೀರೆ.
ಹೆಸರೆಲ್ಲ ಯಾಕೆ, ಮಕ್ಕಳಿಗೂ ಗೊತ್ತಿರುವ ಕತೆ:
ಒಬ್ಬ ಎಳೆಯುತ್ತಾನೆ, ಮುಗಿಯುವುದಿಲ್ಲ, ಜನ ಕೈಮುಗಿಯುತ್ತಾರೆ.
ಏಳು ಸೀರೆ ಅದು. ಕೂಡಿಸಿದವಳು ನಾನು.
ಜಾರಬೇಕಲ್ಲ, ಅದಕ್ಕೇ ಪಾಲಿಯೆಸ್ಟರ್,
ಮೂರನೆಯದು ನನ್ನ ಬೀಗರೂಟದ ಸೀರೆ.
ಒಟ್ಟು ಎಂಬತ್ತನಾಲ್ಕು ಮೊಳ.
ಅಕ್ಷಯ ಅಂದರೆ ಅಷ್ಟೇ.

ಎಳೆಯುತ್ತಿದ್ದವನು ಚೇಳೂರು ಕಡೆಯ ಓಬಳಯ್ಯ,
ಹಿಟ್ಟಿನ ಗಿರಣಿಯವನು, ಹದಿನೆಂಟು ವರ್ಷ ಅದೇ ಪಾರ್ಟು.
ಹಾರ್ಮೋನಿಯಂ ಮೇಷ್ಟರು ಹೇಳಿಕೊಟ್ಟಿದ್ದರು,
ಮೊದಲು ನಗು, ಆಮೇಲೆ ಮೀಸೆ, ಆಮೇಲೆ ಸೆರಗು.
ಆವತ್ತು ಅವನು ನಕ್ಕ, ಮೀಸೆ ತಿರುವಿದ, ಎಳೆದ.
ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ
ನನ್ನ ಹೊಲಿಗೆ ಬಿಟ್ಟಿತು.

ಸೈಡ್‌ವಿಂಗಿನಲ್ಲಿ ಸೂಜಿ ಕಚ್ಚಿಕೊಂಡು ನಾನಿದ್ದೆ,
ಬಟ್ಟೆಯ ತುದಿ ಅವನ ಕೈಯಲ್ಲಿ,
ಹಿರಿಯೂರಿಂದ ಕರೆಸಿದ ನಾಗವೇಣಿ ಅಲ್ಲೇ, ಸುತ್ತು ನಿಲ್ಲಿಸಿ.
ದೇವರು ಪರದೆಯ ಹಿಂದೆ ಬೀಡಿ ಸೇದುತ್ತಿದ್ದ.
ಕಟ್ಟೆಯ ಮೇಲೆ ಕೂತ ಹುಡುಗರು ಸಿಳ್ಳೆಗೆ ಬಾಯಿ ಮಾಡಿದ್ದರು.
ಉಳಿದ ಸೀರೆಗೆ ಅವನು ಕೈ ಹಾಕಬೇಕಿತ್ತು,
ಪದ್ಯದಲ್ಲಿ ಹಾಗೇ ಇದೆ.

ಹಾಕಲಿಲ್ಲ.
ಅವಳ ಮುಖ ನೋಡಿದ, ತುದಿ ಬಿಟ್ಟ,
ಬರಿಗಾಳಿಯನ್ನು ಹಿಡಿದು ಎಳೆಯತೊಡಗಿದ,
ಒಂದು ಕೈ, ಇನ್ನೊಂದು ಕೈ, ಬಾವಿಯಿಂದ ಹಗ್ಗ ಸೇದುವ ಹಾಗೆ.
ಅವಳು ತಿರುಗಿದಳು.
ಇಲ್ಲದ ಸೀರೆ ಇಲ್ಲದ ಹಾಗೆ ತಿರುಗಿದಳು,
ಅವನು ಸೋತು ಕುಸಿಯುವ ತನಕ.
ಅಳುತ್ತಿದ್ದರು ಜನ. ಹಾರ್ಮೋನಿಯಮ್ಮಿಗೂ ತಿಳಿಯಲಿಲ್ಲ.

ಈಗ ಹೇಳು, ಆ ಹೊತ್ತಿನಲ್ಲಿ ಅವನದು ಯಾವ ಪಾತ್ರ?
ನಿನ್ನ ಹಾಳೆಯಲ್ಲಿ ನಾಯಕ, ಪ್ರತಿನಾಯಕ ಎಂದು
ಎರಡೇ ಮನೆ ಎಳೆದಿದ್ದೀಯ.

ಬೆಳಿಗ್ಗೆ ಗಂಟು ಬಂತು.
ಸೀರೆ ನೀಟಾಗಿ ಮಡಚಿದ್ದ, ಬಿಟ್ಟ ಕಡೆ ಹೊಲಿದಿದ್ದ,
ದಬ್ಬಣದಲ್ಲಿ, ಮೂಟೆ ಹೊಲಿಯುವ ದಾರದಲ್ಲಿ.
ಇಲ್ಲಿ, ಮುಟ್ಟಿ ನೋಡು, ಚುಚ್ಚುತ್ತದೆ.
ಗಿರಣಿ ಮುಚ್ಚಿತು, ಓಬಳಯ್ಯನೂ ಹೋದ,
ಇದನ್ನು ಮಾತ್ರ ನಾನು ಬಿಚ್ಚಿಲ್ಲ.

ಕೃತಿಯ ಆಶಯ ಅಂದೆಯಲ್ಲ, ಹಾಗಂದರೇನೋ ಕಾಣೆ.
ನಮ್ಮ ಬಾಡಿಗೆ ಪುಸ್ತಕದಲ್ಲಿ ಆ ಕಾಲಂ ಇಲ್ಲ.

ತಡಿ, ನಿಟ್ಟೂರಿನವರು ಬಂದರು.
ಐದು ಜನ ಅಣ್ಣತಮ್ಮಂದಿರಿಗೆ ಐದು ಕಿರೀಟ ಬೇಕಂತೆ,
ಇರುವುದು ನಾಲ್ಕು.
ಒಬ್ಬ ಬರಿತಲೆಯಲ್ಲೇ ಕೂರಲಿ ಬಿಡಿ ಅಂದೆ,
ಆ ಸಭೆಯಲ್ಲಿ ಅವರು ಹೇಗೂ
ತಲೆ ಎತ್ತುವುದಿಲ್ಲ.