ಹಳದಿ ಗೆರಿ

ಹಳೇ ಪ್ರೆಸ್ಸಿಗೆ ಬೆರಳು ಯಾವುದು, ತಗಡು ಯಾವುದು
ಗೊತ್ತಿರಲಿಲ್ಲ. ಬಾಬಗೊಂಡಾನ ಎರಡು ಹೋದವು.
ಕಾಗಲ್ ಎಂಐಡಿಸಿಯೊಳಗ ಆವತ್ತ ಅರ್ಜೆಂಟ್ ಆರ್ಡರು;
ರಗತ ತೊಳದು ಸೆಕೆಂಡ್ ಶಿಫ್ಟ್ ಹಚ್ಚಿದರು.

ಈಗ ಅದ ಜಾಗಾದಾಗ ಒಂದು ತೋಳು ಬಂದೈತಿ.
ಬರೇ ತೋಳು. ಹೆಗಲಿನ ಮ್ಯಾಲ ಏನೂ ಇಲ್ಲ.
ಸುತ್ತ ನೆಲಕ್ಕ ಹಳದಿ ಗೆರಿ;
ದಾಟಿದರ ಅದು ಮೆತ್ತಗಾಗತೈತಿ,
ಮೈ ತಾಕಿದರ ನಿಂತಬಿಡತೈತಿ,
ರೊಟ್ಟಿ ಬಡಿಯೂ ಮುಂದ ಕೂಸು ಒಲಿ ಕಡೆ ಅಂಬೆಗಾಲಿಟ್ಟರ
ಅವ್ವನ ಕೈ ನಿಂತಂಗ.

ಕೇತಕಿ ಮೇಡಂ ಮರಾಠಿಯೊಳಗ ಹೇಳಿದರು,
ನಾವು ಕನ್ನಡದಾಗ ತಲಿ ಕೆರಕೊಂಡಿವಿ,
ತೋಳಿಗೆ ಎರಡೂ ಬರಂಗಿಲ್ಲ.
ಕೈ ಹಿಡದ ಕಲಿಸಬೇಕಂತ.
ಯಾರು? ಅಂದರ ಎಲ್ಲಾರೂ ಬಾಬಗೊಂಡಾನ ನೋಡಿದರು.

ಮಣಿಕಟ್ಟು ಹಿಡದು ನಡಿಸಿದ,
ಟ್ರೇದಿಂದ ಜಿಗ್ಗಿಗೆ, ಜಿಗ್ಗಿನಿಂದ ಟ್ರೇಗೆ.
ಅದಕ್ಕ ಇರೂದ ಎರಡ ಬೆರಳು.
"ನನ್ನವು ಇಲ್ಲಿ ಅದಾವು ನೋಡ್ರಿ" ಅಂದ.
ಯಾರೂ ನಗಲಿಲ್ಲ; ಆಮ್ಯಾಲ ನಕ್ಕಿವಿ.

ಪ್ರೆಸ್ಸಿದ್ದ ಜಾಗಾ ಬಂದಾಗ ಅವನ ಕೈ
ಒಂದು ಗೇಣು ಹೊರಗ ಸರೀತು. ಅವಗ ಖಬರ ಇಲ್ಲ.
ತೋಳು ಅದನ್ನೂ ಕಲೀತು.

ಪುಣೆಯಿಂದ ಫೋನು: ಪೀಸಿಗೆ ಅರ್ಧ ಸೆಕೆಂಡು
ಯಾಕ ಹೆಚ್ಚು? ದಾರಿ ನೆಟ್ಟಗ ಮಾಡ್ರಿ.
ಮೇಡಂ ಗೆರಿ ಹತ್ತರ ನಿಂತು ಭಾಳ ಹೊತ್ತು ನೋಡಿದರು.
ಶಿಫ್ಟಿನ ಲೆಕ್ಕಾ ಬದಲ್ ಮಾಡಿದರು,
ದಾರಿ ಮುಟ್ಟಲಿಲ್ಲ.

ದಿನಾ ಸಾವಿರದ ಎಂಟನೂರು ಸಲ
ಇಲ್ಲದ ಪ್ರೆಸ್ಸಿಗೆ ಅಂಜಿ
ಒಂದು ಗೇಣು ಸುತ್ತಿ ಹೋಗತೈತಿ ಕಬ್ಬಿಣ.